ಒಂಬತ್ತನೆಯ ಹಸಿರು

"ಸಾರ್, ಸ್ವಲ್ಪ ಏಳ್ತೀರಾ? ಆ ಕುರ್ಚಿ ಬೇಕಿತ್ತು."

ಬೋಟ್ ಕ್ಲಬ್ಬಿನ ಕಾರ್ಯದರ್ಶಿಗಳು ಕಾಫಿ ಲೋಟ ಹಿಡಿದುಕೊಂಡೇ ಎದ್ದರು. ಸಾವಿನ ಮನೆಗೆ ಬಂದು ಕೂತವರನ್ನು ಯಾರಾದರೂ ಎಬ್ಬಿಸುತ್ತಾರೆಯೇ? ಆದರೆ ಎಬ್ಬಿಸಿದವಳು ಸತ್ತವರ ಮಗಳೇ ಆಗಿದ್ದರಿಂದ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಅವಳು ಆ ಹಳೆಯ ಮರದ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದು, ಕೂತವರ ಮೊಣಕಾಲುಗಳನ್ನು ತಪ್ಪಿಸುತ್ತ ಕಿಟಕಿಯ ಬಳಿಗೆ ಎಳೆದುಕೊಂಡು ಹೋದಳು. ಆಮೇಲೆ ಮಂಡಿಯೂರಿ ನೆಲ ತಡವತೊಡಗಿದಳು.

"ಏನೇ ಕಳ್ಕೊಂಡೆ?" ಎಂದರು ಸೋದರತ್ತೆ. ಅವರು ಬೆಳಗಿನಿಂದ ಅಣ್ಣನ ಶವಪೆಟ್ಟಿಗೆಯ ಪಕ್ಕ ಬಿಟ್ಟು ಕದಲಿರಲಿಲ್ಲ.

"ಕುರ್ಚಿ ಕಾಲಿನ ಗುರುತು, ಅತ್ತೆ. ನಾಲ್ಕು ಗುಳಿ ಇರ್ಬೇಕು ಇಲ್ಲಿ."

"ಅಯ್ಯೋ ದೇವರೇ! ಅಪ್ಪನ್ನ ಈ ಕಡೆ ಮಲಗಿಸಿದೀವಿ. ನೀನು ಆ ಕಡೆ ನೆಲ ಗುಡಿಸ್ತಾ ಇದೀಯಾ?"

ಮಗಳು ತಡವುತ್ತಲೇ ಹೋದಳು. ಗುಳಿಗಳು ಸಿಕ್ಕವು. ನಲವತ್ತು ವರ್ಷ ಒಂದೇ ಜಾಗದಲ್ಲಿ ಕೂತ ಕುರ್ಚಿ ಹಲಗೆಯಲ್ಲಿ ತನ್ನ ನಾಲ್ಕು ಕಾಲನ್ನೂ ಊರಿಬಿಟ್ಟಿತ್ತು. ಅವಳು ಕುರ್ಚಿಯನ್ನು ಅದರೊಳಗೆ ಕೂರಿಸಿದಳು, ತಾನೂ ಕೂತಳು, ತಲೆಯನ್ನು ಹಿಂದಕ್ಕೆ ಒರಗಿಸಿದಳು. ಮೆತ್ತೆಯಲ್ಲಿ ಅಪ್ಪನ ತಲೆ ಮಾಡಿದ್ದ ಹಳ್ಳ ಇನ್ನೂ ಹಾಗೇ ಇತ್ತು.

ಮನೆ ಗುಡ್ಡದ ಮೇಲಿತ್ತು. ಕಿಟಕಿಯ ಕೆಳಗೆ ನದಿ ಸಮುದ್ರ ಸೇರುವ ಅಳಿವೆ. ಅಲ್ಲಿ ದೋಣಿಗಳು ಹೋಗಬಹುದಾದ ಆಳದ ದಾರಿ ಒಂದೇ ಒಂದು. ಆ ದಾರಿಯ ಎರಡೂ ಅಂಚಿನಲ್ಲಿ ಸರಪಳಿ ಬಿಗಿದು ಕಲ್ಲು ಕಟ್ಟಿ ತೇಲಿಬಿಟ್ಟ ಹನ್ನೆರಡು ದಾರಿಗುರುತುಗಳು, ಬೋಯಾಗಳು: ಸಮ ಸಂಖ್ಯೆಯವು ಕೆಂಪು, ಚಪ್ಪಟೆ ತಲೆಯವು, ಬೆಸ ಸಂಖ್ಯೆಯವು ಹಸಿರು, ಚೂಪು ತಲೆಯವು. ಅವುಗಳ ಪಾಚಿ ಕೆರೆದು, ಬಣ್ಣ ಬಳಿದು, ಸವೆದ ಸರಪಳಿ ಬದಲಿಸಿ ಅಪ್ಪ ಬದುಕು ಸವೆಸಿದ್ದರು. ಕಿಟಕಿಯ ಗಾಜಿನ ಮೇಲೆ ಅಪ್ಪ ಇಟ್ಟ ಹನ್ನೆರಡು ಚುಕ್ಕಿಗಳಿದ್ದವು. ಹಸಿರಿಗೆ ಬೋಯಾದ ಬಣ್ಣವೇ ಆಗಿತ್ತು. ಕೆಂಪು ಮಾತ್ರ ಒಂದು ಕಾಲದಲ್ಲಿ ಮಗಳು ಹುಡುಕಿ ಹುಡುಕಿ ಸುಸ್ತಾಗಿದ್ದ ಉಗುರುಬಣ್ಣದ ಶೀಶೆಯದು. ಈ ಕುರ್ಚಿಯಲ್ಲಿ ತಲೆ ಒರಗಿಸಿ ಕೂತರೆ ಪ್ರತಿ ಚುಕ್ಕಿಯೂ ತನ್ನ ಬೋಯಾದ ಮೇಲೆ ಕೂರಬೇಕು. ಕೂರದಿದ್ದರೆ ಬೋಯಾ ಜಾಗ ಬಿಟ್ಟಿದೆ ಎಂದು ಅರ್ಥ.

ಹನ್ನೊಂದು ಕೂತವು. ಒಂಬತ್ತನೆಯ ಹಸಿರು ಚುಕ್ಕಿಯ ಹಿಂದೆ ಬರಿಯ ನೀರು. ಬೋಯಾ ಒಂದು ಬೆರಳಗಲ ಆಚೆ, ನೀರೊಳಗಿನ ಬಂಡೆಸಾಲಿನ ಆ ಮಗ್ಗುಲಲ್ಲಿ ತೇಲುತ್ತಿತ್ತು.

ಅಪ್ಪ ಹೇಳಿದ್ದು ನಿಜವಾಗಿತ್ತು.

* * *

ಸೋಮವಾರ ಹಠ ಮಾಡಿ ಕುರ್ಚಿಯಲ್ಲಿ ಹತ್ತು ನಿಮಿಷ ಕೂತು ಬಂದ ಮೇಲೆ ಅವರು ಹಾಸಿಗೆಯಿಂದಲೇ ಹೇಳಿದ್ದರು. "ಒಂಬತ್ತು ಸರಿದಿದೆ. ಆಫೀಸಿಗೆ ಫೋನ್ ಮಾಡಿ ಹೇಳು."

"ಆಯ್ತಪ್ಪ."

ನಿವೃತ್ತರಾಗಿ ಆರು ವರ್ಷವಾಗಿತ್ತು. ಆ ಆರು ವರ್ಷದಲ್ಲಿ ಬಂದರು ಆಫೀಸಿಗೆ ಅವರು ಮಾಡಿದ ಫೋನುಗಳಿಗೆ ಲೆಕ್ಕವಿಲ್ಲ. ನಾಲ್ಕರ ಬಣ್ಣ ಮಾಸಿದೆ, ಹನ್ನೊಂದರ ಮೇಲೆ ಹಕ್ಕಿ ಗೂಡು ಕಟ್ಟಿದೆ, ಎರಡು ವಾಲಿದೆ. "ನಿಮ್ಮಪ್ಪನಿಗೆ ಬೇರೆ ಕೆಲ್ಸ ಇಲ್ವೇನಮ್ಮ?" ಎಂದು ಆಫೀಸಿನವರು ಒಮ್ಮೆ ಅವಳನ್ನೇ ಕೇಳಿದ್ದರು. ಅವಳಿಗೆ ತಲೆ ತಗ್ಗಿಸುವಂತಾಗಿತ್ತು. ಅಪ್ಪ ಹಾಸಿಗೆ ಹಿಡಿದ ಮೇಲಂತೂ ಔಷಧಿ, ಡಾಕ್ಟರು, ನಿದ್ದೆಗೆಟ್ಟ ಕಣ್ಣು. ಬೋಯಾ ಯಾರಿಗೆ ಬೇಕಾಗಿತ್ತು?

ಮಂಗಳವಾರ ಕೇಳಿದರು. "ಹೇಳಿದ್ಯಾ?"

"ಹೇಳ್ದೆ."

"ಏನಂದ್ರು?"

"ಎಳೆಸಿ ಸರಿ ಮಾಡ್ತಾರಂತೆ."

ಮುಖದ ಗಂಟು ಸಡಿಲಾಯಿತು. "ಭೇಷ್," ಎಂದು ಕಣ್ಣು ಮುಚ್ಚಿದರು. ಗುರುವಾರ ಹೋಗಿಬಿಟ್ಟರು. ಅಪ್ಪನಿಗೆ ಅವಳು ಹೇಳಿದ ಕೊನೆಯ ಮುಖ್ಯವಾದ ಮಾತು ಹಸೀ ಸುಳ್ಳಾಗಿತ್ತು.

* * *

"ಸಾರ್, ಇವತ್ತು ಸಂಜೆ ಬೋಟುಗಳು ಹೋಗೋದು ಬೇಡ."

ಕಾರ್ಯದರ್ಶಿಗಳು ಖಾಲಿ ಲೋಟವನ್ನು ಎಲ್ಲಿಡುವುದೆಂದು ಹುಡುಕುತ್ತಿದ್ದರು. ಕ್ಲಬ್ಬಿನ ಹದಿನೆಂಟು ಬೋಟು ಸಾಲಾಗಿ ಅಳಿವೆಯ ಬಾಯಿಯವರೆಗೆ ಹೋಗಿ, ಒಟ್ಟಿಗೆ ಹಾರ್ನ್ ಹೊಡೆದು, ತಿರುಗಿ ಬರುವುದೆಂದು ತೀರ್ಮಾನವಾಗಿತ್ತು. ಅವರೇ ಹೂಡಿದ ಕಾರ್ಯಕ್ರಮ. ಅದರ ಬಗ್ಗೆ ಅವರಿಗೆ ಹೆಮ್ಮೆಯೂ ಇತ್ತು.

"ಯಾಕಮ್ಮ? ಮೇಷ್ಟ್ರಿಗೆ ನಾವು ಇಷ್ಟಾದ್ರೂ ಮಾಡ್ಬಾರ್ದಾ? ಎಡ ಯಾವ್ದು ಬಲ ಯಾವ್ದು ಅಂತ ನಮಗೆಲ್ಲ ಕಲಿಸಿದ್ದೇ ಅವರು."

"ಒಂಬತ್ತು ಜಾಗ ಬಿಟ್ಟಿದೆ. ಅದನ್ನ ನಂಬಿ ಹೋದ್ರೆ ಸೀದಾ ಬಂಡೆ ಮೇಲೆ. ಐದು ಗಂಟೆಗೆ ನೀರು ಬೇರೆ ಇಳಿದಿರುತ್ತೆ."

"ಯಾರು ಹೇಳಿದ್ರು?"

"ಕುರ್ಚಿಯಲ್ಲಿ ಕೂತು ಗಾಜು ನೋಡಿ."

ಅವರು ಕೂರುವ ಗೋಜಿಗೆ ಹೋಗದೆ ಬಗ್ಗಿ ನೋಡಿದರು. ಕುರ್ಚಿಯಲ್ಲಿ ಕೂರದೆ ನಿಂತು ನೋಡಿದರೆ ಯಾವ ಚುಕ್ಕಿ ಯಾವ ಬೋಯಾಕ್ಕೆ ಸೇರುತ್ತದೆ? ಅವರ ಕಣ್ಣಿಗೆ ಹನ್ನೆರಡೂ ತಪ್ಪಾಗಿಯೇ ಕಂಡವು. ಅವರು ಕನಿಕರದಿಂದ ಅವಳ ಭುಜ ತಟ್ಟಿದರು. "ನೀವು ನಿದ್ದೆ ಮಾಡಿ ಎಷ್ಟು ದಿನ ಆಯ್ತೋ ಏನೋ. ಸ್ವಲ್ಪ ಕೂತ್ಕೊಳ್ಳಿ."

ಕೂರುವುದಂತೆ! ಅವಳು ಹಿತ್ತಲಿಗೆ ಹೋಗಿ, ಬಂದರಿನ ಆಫೀಸಿಗೆ ಫೋನು ಮಾಡಿದಳು. ಇವತ್ತು ಶನಿವಾರ, ಸೋಮವಾರ ಮಾಡಿ ಎಂದರು. ಯಾರ ಮನೆಯಿಂದ ಎಂದು ಕೇಳಿದವರು, ಹೇಳಿದ ಮೇಲೆ, ಮೇಷ್ಟ್ರು ಹೇಗಿದ್ದಾರೆ ಎಂದು ನಗುತ್ತ ವಿಚಾರಿಸಿದರು. ಅವಳು ಫೋನಿಟ್ಟಳು. ಒಳಗೆ ಬಂದಳು, ಮತ್ತೆ ಹೊರಗೆ ಹೋದಳು, ಮತ್ತೆ ಬಂದು ಕಿಟಕಿ ನೋಡಿದಳು. ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದವಳನ್ನು ಕಂಡು ನೆಂಟರು ಮುಖ ಮುಖ ನೋಡಿಕೊಂಡರು.

"ಒಂದು ಹನಿ ಕಣ್ಣೀರು ಬಂದಿಲ್ವಲ್ಲೇ ನಿನಗೆ," ಎಂದರು ಅತ್ತೆ, ಮೆಲ್ಲಗೆ.

"ಬರುತ್ತೆ ಅತ್ತೆ. ಈಗ ಪುರುಸೊತ್ತಿಲ್ಲ."

* * *

ಅವಳಿಗೆ ಎಂಟು ವರ್ಷವಿದ್ದಾಗ ಭಾನುವಾರ ಬಂತೆಂದರೆ ಮನೆಯ ಉದ್ದದ ಪಡಸಾಲೆ ಅಳಿವೆಯಾಗುತ್ತಿತ್ತು. ಹೊಸದಾಗಿ ಬೋಟು ಕೊಂಡ ದೊಡ್ಡ ಮನುಷ್ಯರು ಸಾಲಾಗಿ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅಮ್ಮನ ಅಡುಗೆಮನೆಯ ಕೆಂಪು ಮುಚ್ಚಳದ ಡಬ್ಬಿ, ಹಸಿರು ಮುಚ್ಚಳದ ಡಬ್ಬಿಗಳೆಲ್ಲ ನೆಲದ ಮೇಲೆ.

"ಸಮುದ್ರದಿಂದ ಒಳಗೆ ಬರ್ತಾ ಇದೀರಿ. ಕೆಂಪು ಎಡಕ್ಕಿರ್ಲಿ, ಹಸಿರು ಬಲಕ್ಕಿರ್ಲಿ. ನಡೀರಿ. ಹೊರಗೆ ಹೋಗುವಾಗ ತಿರುವುಮುರುವು. ಓ ಹಲ್ಲಿನ ಡಾಕ್ಟ್ರೇ, ಉಪ್ಪಿನ ಡಬ್ಬಿ ಒದ್ದುಬಿಟ್ರಲ್ಲ! ಮುಳುಗಿದ್ರಿ ನೀವು."

"ನನ್ನ ಉಪ್ಪು!" ಎಂದು ಒಳಗಿನಿಂದ ಅಮ್ಮ.

"ಇನ್ನೊಂದು ಮಾತು. ಎಂಥ ಹೊತ್ತಿನಲ್ಲೂ ಬೋಯಾಕ್ಕೆ ಬೋಟು ಕಟ್ಬೇಡಿ. ಅದು ಗೂಟ ಅಲ್ಲ. ಎಳೆದ್ರೆ ಬರುತ್ತೆ."

ಒಂದು ಭಾನುವಾರ ಹಸಿರು ಡಬ್ಬಿಯೊಂದು ಕಡಿಮೆ ಬಿತ್ತು. ಅಪ್ಪ ಮಗಳ ಕೈಗೆ ಹಸಿರು ಟವೆಲ್ಲು ಕೊಟ್ಟು ಪಡಸಾಲೆ ತಿರುಗುವ ಮೂಲೆಯಲ್ಲಿ ನಿಲ್ಲಿಸಿದರು. "ನೀನು ಒಂಬತ್ತು. ಇಲ್ಲೇ ತಿರುವು ಇರೋದು. ಅಲ್ಲಾಡಬಾರ್ದು, ಮಾತಾಡಬಾರ್ದು. ನಿನ್ನ ನೋಡ್ಕೊಂಡು ಅವರು ಹೋಗ್ತಾರೆ."

ಮೂಗು ತುರಿಸುತ್ತಿತ್ತು. ಆದರೂ ಅವಳು ಅಲ್ಲಾಡಲಿಲ್ಲ.

* * *

ಮೂರು ಗಂಟೆಗೆ ಮಣ್ಣಾಯಿತು. ಸ್ಮಶಾನ ನದಿಯ ದಂಡೆಯ ಮೇಲೇ ಇತ್ತು. ಅತ್ತೆಯನ್ನು ನೆಂಟರು ಮನೆಗೆ ಕರೆದೊಯ್ದರು, ಜನ ಒಬ್ಬೊಬ್ಬರಾಗಿ ಕರಗಿದರು. ಕ್ಲಬ್ಬಿನವರು ತಮ್ಮ ಜೆಟ್ಟಿಯ ಕಡೆ ಅವಸರದಿಂದ ಹೊರಟರು. ಹಿಂದೆ ಉಳಿದವರು ಹಲ್ಲಿನ ಡಾಕ್ಟರೊಬ್ಬರೇ. ಈಗ ತಲೆ ಪೂರ್ತಿ ಬೆಳ್ಳಗಾಗಿತ್ತು, ಕಪ್ಪು ಕೋಟು ಬಿಗಿಯಾಗಿತ್ತು. ಬೆಳಗಿನಿಂದ ಅವರು ಯಾರ ಮುಖವನ್ನೂ ನೋಡಿರಲಿಲ್ಲ.

"ಬೆಳಿಗ್ಗೆ ನೀವು ಸೆಕ್ರೆಟರಿ ಹತ್ರ ಹೇಳ್ತಿದ್ದಿದ್ದು ಕೇಳಿಸ್ತು," ಎಂದರು. "ಒಂಬತ್ತು."

"ನೀವಾದ್ರೂ ನಂಬ್ತೀರಾ?"

"ನಂಬೋದೇನು? ಎಳೆದಿದ್ದೇ ನಾನು. ಕಳೆದ ಭಾನುವಾರ ಮೊಮ್ಮಕ್ಕಳನ್ನ ಕರ್ಕೊಂಡು ಹೋಗಿದ್ದೆ. ಊಟ ಮುಗಿಯೋವರೆಗೆ ಅಂತ ಅದಕ್ಕೇ ಹಗ್ಗ ಸುತ್ತಿದೆ. ಗಾಳಿ ಎದ್ದಿತು. ಬಿಚ್ಚೋಕೆ ಹೋದ್ರೆ ಗಂಟು ಬಿಗಿದುಬಿಟ್ಟಿತ್ತು, ಗಾಬರಿಯಲ್ಲಿ ಎಂಜಿನ್ ಜೋರು ಮಾಡಿದೆ. ನೀರು ತುಂಬಿತ್ತು, ಕಲ್ಲಿನ ಸಮೇತ ಬಂಡೆಸಾಲಿನ ಆಚೆಗೆ ಬಂತು. ಮೇಷ್ಟ್ರಿಗೆ ಯಾವ ಮುಖ ಇಟ್ಕೊಂಡು ಹೇಳ್ಲಿ? ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ..."

ಅವಳಿಗೆ ಸಿಟ್ಟು ನೆತ್ತಿಗೇರಿತು. ಏರಿದಷ್ಟೇ ಬೇಗ ಇಳಿಯಿತು. ಇವತ್ತು, ನಾಳೆ ಎಂದವಳು ಅವಳೂ ಹೌದಲ್ಲ.

"ಸೆಕ್ರೆಟರಿಗೆ ಫೋನ್ ಮಾಡಿ."

ಮಾಡಿದರು. ರಿಂಗಾಯಿತು, ರಿಂಗಾಯಿತು, ನಿಂತಿತು. ಜೆಟ್ಟಿಯ ಕಡೆಯಿಂದ ಹದಿನೆಂಟು ಎಂಜಿನ್‌ಗಳ ಸದ್ದು ಆಗಲೇ ತೇಲಿಬರುತ್ತಿತ್ತು. ಆ ಗದ್ದಲದಲ್ಲಿ ಯಾರ ಫೋನು ಯಾರಿಗೆ ಕೇಳಬೇಕು?

"ನಿಮ್ಮ ಬೋಟ್ ಎಲ್ಲಿದೆ?"

"ಇಲ್ಲೇ ಕೆಳಗೆ, ಮೆಟ್ಟಿಲ ಹತ್ರ. ಸಾಲಿನಲ್ಲಿ ಹೋಗೋಕೆ ಮನಸ್ಸಾಗ್ಲಿಲ್ಲ."

"ನಡೀರಿ."

ಓಡುತ್ತಲೇ ಅವಳು ಮನೆಗೆ ಫೋನು ಮಾಡಿದಳು. "ಅತ್ತೆ, ಅಪ್ಪನ ಕುರ್ಚಿಯಲ್ಲಿ ಕೂತ್ಕೊಳ್ಳಿ. ತಲೆ ಒರಗಿಸಿ. ಕುರ್ಚಿ ಮಾತ್ರ ಕದಲಿಸ್ಬೇಡಿ, ನಿಮ್ಮ ದಮ್ಮಯ್ಯ."

"ಸತ್ತವನ ಕುರ್ಚಿಯಲ್ಲಾ? ಇವತ್ತೇ?"

"ಅತ್ತೆ, ಅಪ್ಪನಿಗೆ ಸುಳ್ಳು ಹೇಳಿದೀನಿ ನಾನು. ಒಂಬತ್ತು ಸರಿ ಮಾಡ್ತಾರೆ ಅಂತ. ಯಾರಿಗೂ ಫೋನೇ ಮಾಡಿರ್ಲಿಲ್ಲ."

ಆ ಕಡೆ ಕುರ್ಚಿ ಕಿರ್ರೆಂದದ್ದು ಕೇಳಿಸಿತು. "ಕೂತೆ. ಏನು ನೋಡ್ಬೇಕು ಹೇಳು."

ಮೊದಲು ಜಾಗ ತಪ್ಪಿದ ಬೋಯಾದ ಕಡೆ ಬಳಸಿಕೊಂಡು ಹೋದರು. ನೀರು ಇಳಿದಿದ್ದರಿಂದ ಕಲ್ಲಿನ ಸಮೇತ ಅದನ್ನು ಬಂಡೆಸಾಲಿನ ಮೇಲಿಂದ ಮತ್ತೆ ಎಳೆದು ತರುವುದು ಆಗದ ಮಾತು. ಡಾಕ್ಟರು ಸುಮ್ಮನೆ ತಮ್ಮ ಕೋಟು ಕಳಚಿದರು. ಬಗ್ಗಿ, ಹಸಿರು ತಲೆಯ ಮೇಲೆ ಹೊದಿಸಿ, ಅಷ್ಟೂ ಗುಂಡಿಗಳನ್ನು ಹಾಕಿದರು. ಬಂಡೆಗಳ ಆಚೆ ಈಗ ಹಸಿರಿರಲಿಲ್ಲ, ಏನೋ ಒಂದು ಕಪ್ಪು ಮಾತ್ರ ತೂಗಾಡುತ್ತಿತ್ತು.

ಬಂಡೆಸಾಲು ಬಳಸಿ ಈಚೆ ಬಂದರು. ಬೋಟು ನಿಧಾನವಾಯಿತು. ಹಿಂದೆ ಬೋಯಾ ಇಲ್ಲದ ಹಸಿರು ಚುಕ್ಕಿಗೆ ಬೋಟನ್ನು ಕೂರಿಸಬೇಕೆಂದು ಅವಳು ಅತ್ತೆಗೆ ಹೇಳಿದ್ದಳು.

"ಇನ್ನೂ ಮುಂದೆ," ಎಂದರು ಅತ್ತೆ ಫೋನಿನಲ್ಲಿ. "ಸಾಕು ಸಾಕು, ಜಾಸ್ತಿ ಆಯ್ತು. ಬಲಕ್ಕೆ. ನಿನ್ನ ಬಲ ಅಲ್ಲ ಕಣೇ, ನನ್ನ ಬಲ! ಹಾಂ. ಸ್ವಲ್ಪ ನನ್ನ ಕಡೆಗೆ. ಇನ್ನೂ... ಆಯ್ತು! ಆಯ್ತು! ಚುಕ್ಕಿ ನಿನ್ನ ಮೇಲೆ ಕೂತಿತು. ಈಗ ನೀನೇ ಕಾಣ್ತಿಲ್ಲ."

ಡಾಕ್ಟರು ಲಂಗರು ಇಳಿಸಿದರು. ಬೋಟಿನಲ್ಲಿ ಹಸಿರು ಏನಿದೆ? ಮೊಮ್ಮಕ್ಕಳ ಈಜುಚೀಲದಲ್ಲಿ ಒಂದು ಟವೆಲ್ಲಿತ್ತು, ಹಸಿರು ಬಣ್ಣದ್ದು, ಅಂಚಿನಲ್ಲಿ ಬಾತುಕೋಳಿಗಳ ಚಿತ್ರ. ಅವಳು ಅದನ್ನು ತೆಗೆದುಕೊಂಡು ಬೋಟಿನ ಮುಂತುದಿಗೆ ಹೋಗಿ ನಿಂತಳು. ಕಪ್ಪು ಬಟ್ಟೆ, ಮಣ್ಣು ಮೆತ್ತಿದ ಚಪ್ಪಲಿ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಎತ್ತಿ ಹಿಡಿದ ಟವೆಲ್ಲು.

ತಿರುವಿನಲ್ಲಿ ಕಾರ್ಯದರ್ಶಿಗಳ ಬಿಳಿ ಬೋಟು ಕಾಣಿಸಿತು. ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ಒಂಬತ್ತನ್ನು ಹುಡುಕುತ್ತಿದ್ದರು. ಬೋಟಿನ ಮೂಗು ಬಂಡೆಯ ಕಡೆಗೆ ಹೊರಳಿತು. ಕೂಗಬೇಕೆನಿಸಿತು ಅವಳಿಗೆ, ಕೈ ಬೀಸಬೇಕೆನಿಸಿತು. ಕೂಗಲಿಲ್ಲ, ಬೀಸಲಿಲ್ಲ. ಬೀಸಿದರೆ ಹತ್ತಿರ ಕರೆಯುತ್ತಿದ್ದಾಳೆಂದು ಅವರು ಸೀದಾ ಬಂದಾರು.

"ಅಲ್ಲಾಡ್ಬೇಡ ಕಣೇ," ಎಂದಿತು ಫೋನು.

ಕಾರ್ಯದರ್ಶಿಗಳು ಅವಳನ್ನು ನೋಡಿದರು. ಟವೆಲ್ಲನ್ನು ನೋಡಿದರು. ನಿಂತ ನಿಲುವನ್ನು ನೋಡಿದರು. ಆ ಪಡಸಾಲೆಯ ಮೂಲೆಯನ್ನು ತಿರುಗದವರು ಕ್ಲಬ್ಬಿನಲ್ಲಿ ಯಾರಿದ್ದರು? ಅವರ ಕೈ ಚುಕ್ಕಾಣಿಯನ್ನು ಗರ್ರನೆ ಬಲಕ್ಕೆ ತಿರುಗಿಸಿತು. ಬಿಳಿ ಬೋಟು ಅವಳನ್ನು ಎಡಕ್ಕೆ ಬಿಟ್ಟು ಆಳದ ನೀರಿನಲ್ಲಿ ದಾಟಿತು. ಅದರ ಹಿಂದೆ ಎರಡನೆಯದು. ಮೂರನೆಯದು. ಒಂದೊಂದು ಬೋಟಿನಿಂದಲೂ ಜನ ಅವಳನ್ನು ನೋಡುತ್ತ ಹೋದರು, ಒಬ್ಬರೂ ಮಾತಾಡಿಸಲಿಲ್ಲ. ಅವಳ ಬೆನ್ನ ಹಿಂದೆ ನಾಲ್ಕೇ ಮಾರು ದೂರದಲ್ಲಿ, ಇಳಿದ ನೀರಿನಿಂದ ಬಂಡೆಯ ಕರಿ ನೆತ್ತಿಯೊಂದು ಎದ್ದು ಮತ್ತೆ ಮುಳುಗುತ್ತಿತ್ತು.

ಕಣ್ಣೀರು ಬಂದದ್ದು ಆಗ. ಧಾರಾಕಾರವಾಗಿ ಬಂತು, ಮೂಗು ತುರಿಸಿತು, ಗಲ್ಲದಿಂದ ತೊಟ್ಟಿಕ್ಕಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಹದಿನೆಂಟನೆಯದೂ ದಾಟಿತು. ಅಳಿವೆಯ ಬಾಯಿಯಲ್ಲಿ ಹಾರ್ನುಗಳು ಒಟ್ಟಿಗೆ ಕೂಗಿದವು.

"ಮುಗೀತಲ್ಲ, ಕೂತ್ಕೊಳ್ಳಿ," ಎಂದರು ಡಾಕ್ಟರು. "ಕೈ ಸೋತಿರುತ್ತೆ."

"ತಿರುಗಿ ಬರ್ಬೇಕಲ್ಲ ಅವರು," ಎಂದಳು. ಫೋನನ್ನು ಅವರ ಕೈಗೆ ಕೊಟ್ಟು, ಟವೆಲ್ಲನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿ, ಸಮುದ್ರದ ಕಡೆ ಮುಖ ಮಾಡಿ ನಿಂತಳು.