ಕರಿಯಕ್ಕನ ಹಿಮ್ಮಡಿ

ಕರಿಯಕ್ಕ ನಡೆಯುವಾಗ ಮೊದಲು ಹಿಮ್ಮಡಿ ಊರುತ್ತಾಳೆ, ಒಂದು ಗಳಿಗೆ ತಡೆಯುತ್ತಾಳೆ, ಆಮೇಲಷ್ಟೇ ಉಳಿದ ಪಾದವನ್ನು ನೆಲಕ್ಕೆ ಕೊಡುತ್ತಾಳೆ. ಚಪ್ಪಲಿ ಕೈಯಲ್ಲಿರುತ್ತದೆ. ಸೀರೆಯ ಮೇಲೆ ತೀರಿಹೋದ ಗಂಡನ ಖಾಕಿ ಅಂಗಿ, ಅದರ ಜೇಬಿನಲ್ಲಿ ಎಲೆಯಡಿಕೆ. ಬಸರೀಕಟ್ಟೆಯ ಕಡೆ ತೋಟದ ಕೂಲಿಗೆ ಹೋಗುವ ಅವಳ ಈ ನಡಿಗೆಗೆ ಜನ ನಗುತ್ತಿದ್ದರು. ಹೋದ ಬೇಸಿಗೆಯವರೆಗೆ ನಾನೂ ನಕ್ಕವಳೇ.

ಆ ಬೇಸಿಗೆಯಲ್ಲಿ ತೋಟದ ಯಜಮಾನ ಧರ್ಮೇಶಗೌಡರು ಕೂಲಿಯವರ ಲೈನ್ ಮನೆಗಳ ಮೇಲ್ಗಡೆ ಬೀಳುಬಿದ್ದಿದ್ದ ಜೌಗು ಹಡ್ಲಿಗೆ ಕಾಲುವೆ ತೋಡಿಸಿ ನೀರು ಬಸಿದು, ಒಣಗಿದ ಹುಲ್ಲಿಗೆ ಬೆಂಕಿ ಕೊಡಿಸಿದರು. ಹುಲ್ಲು ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಆದರೆ ಎಷ್ಟೋ ತಲೆಮಾರುಗಳ ಎಲೆ, ಬೇರು ಕೊಳೆತು ಆದ ಕರಿಮಣ್ಣೇ ಒಳಗೊಳಗೆ ಹೊತ್ತಿಕೊಂಡಿತ್ತು. ಮೂರನೆಯ ದಿನ ನೆಲದ ಬಿಸಿ ತಾಗಿ ಅದನ್ನು ಕಂಡುಹಿಡಿದದ್ದು ಕರಿಯಕ್ಕನ ಹಿಮ್ಮಡಿ. ಕೆಂಡಕ್ಕೆ ಬೂದಿ ಮುಚ್ಚಿಟ್ಟು, ಬೆಳಗ್ಗೆ ಅದನ್ನೇ ಊದಿ ಒಲೆ ಹೊತ್ತಿಸುತ್ತ ನಲವತ್ತು ವರ್ಷ ಕಳೆದವಳಿಗೆ ಅದೇನು ಹೊಸ ವಿದ್ಯೆಯಲ್ಲ. ಉರಿ ಲೈನಿನವರು ಕುಡಿಯುವ ಒರತೆಯ ಕಡೆಗೆ ಇಳಿಯುತ್ತಿತ್ತು.

ಗೌಡರಿಗೆ ಸಂತೋಷವೇ ಆಯಿತು. ತರಗು, ಮಣ್ಣು ಗುಡ್ಡೆ ಹಾಕಿ ಸುಟ್ಟು ಗಿಡದ ಬುಡಕ್ಕೆ ಕೊಡುವುದು ನಮ್ಮವರ ಹಳೆಯ ರೂಢಿ. “ಪುಕ್ಕಟೆ ಸುಡುಮಣ್ಣು ಆಗ್ತಾ ಇದೆ, ನೀರು ಹೊಯ್ದು ಹಾಳು ಮಾಡ್ಬೇಡ ಮಾರಾಯ್ತಿ” ಎಂದರು.

“ಸುಡುಮಣ್ಣು ನಾವು ಸುಡೋದು ಗೌಡ್ರೇ. ಇದು ನೆಲಾನೇ ತಿಂತಾ ಇದೆ. ಒರತೆ ಹೋದ್ರೆ ನಾವೇನು ಬೂದಿ ಕುಡಿಯೋದಾ?”

ಲೈನಿನ ಗಂಡಸರು ಬಂದು ನೋಡಿದರು. ಹೊಗೆ ಕಾಣಲಿಲ್ಲವೆಂದು ಜಯಪುರದ ಪೇಟೆಗೆ ಹೋದರು. ಕೂಲಿ ಮುಗಿಸಿ, ಅನ್ನಕ್ಕಿಟ್ಟು, ಕರಿಯಕ್ಕ ಮತ್ತು ಸೊಸೆ ಮಲ್ಲಿಕಾ ಒರತೆಯ ಮೇಲ್ಗಡೆ ಹಸಿ ಜೇಡಿ ಸಿಗುವವರೆಗೂ ಉರಿಗೆ ಅಡ್ಡವಾಗಿ ಅಗಳು ತೋಡಿದರು. ಹದಿನೇಳು ಸಂಜೆ ಕೊಡ ಹೊತ್ತು ನೀರು ಹೊಯ್ದರು. ಉರಿ ಆರಿತು, ಒರತೆ ಉಳಿಯಿತು. ಕರಿಯಕ್ಕನ ಹಿಮ್ಮಡಿ ಬೆಂದು ಸಿಪ್ಪೆಯೆದ್ದಿತು.

ಮಲ್ಲಿಕಾ ಫೋನಿನಲ್ಲಿ ಕೊಟ್ಟ ದೂರಿಗೆ ಕೊನೆಗೊಮ್ಮೆ ಸರ್ಕಾರಿ ಜೀಪು ಬಂತು. ಸಾಹೇಬರು ಅಂಚಿನ ಮೇಲೆ ನಿಂತೇ ಬರೆದುಕೊಳ್ಳತೊಡಗಿದರು.

“ಬೂಟು ಬಿಚ್ಚಿ ಇಳೀರಿ ಸಾರ್, ಸುಟ್ಟಿದ್ದು ಎಲ್ಲೀವರೆಗೆ ಅಂತ ಕಾಲೇ ಹೇಳ್ತದೆ” ಎಂದಳು ಕರಿಯಕ್ಕ. ಅವರು ನಕ್ಕರೇ ಹೊರತು ಇಳಿಯಲಿಲ್ಲ. ಮೂರೆಕರೆ ನೆಲ ಮೊಣಕಾಲುದ್ದ ಕುಸಿದಿತ್ತು. ವರದಿಯಲ್ಲಿ ಬಂದದ್ದು ಅರ್ಧ ಎಕರೆ ಹುಲ್ಲು. ಕೆಳಗೊಂದು ಷರಾ: ಬೆಂಕಿ ತಾನಾಗಿಯೇ ಆರಿದೆ.

ದೇಶದೇಶಗಳಲ್ಲಿ ನೆಲದೊಳಗೆ ಸುಟ್ಟ ಜಾಗವನ್ನು ಈಗ ಆಕಾಶದಿಂದ ಅಳೆಯುತ್ತಾರೆಂದು ಓದಿದ್ದೇನೆ. ಅಳೆಯಲಿ. ನನ್ನ ಸಿಟ್ಟು ಆ ‘ತಾನಾಗಿಯೇ’ ಎಂಬುದರ ಮೇಲೆ. ಇಂಥ ಹೆಂಗಸರಿರುವ ಮನೆಗಳಲ್ಲಿ ಅನ್ನವೂ ತಾನಾಗಿಯೇ ಬೇಯುತ್ತದೆ, ಕೊಡವೂ ತಾನಾಗಿಯೇ ತುಂಬುತ್ತದೆ. ಅವರು ಒಂದು ದಿನ ಕೈಬಿಟ್ಟರೆ ಮಾತ್ರ, ಇದು ಯಾರ ತಪ್ಪು ಎಂದು ಎಲ್ಲರಿಗೂ ತಕ್ಷಣ ಅವರ ಹೆಸರು ನೆನಪಾಗುತ್ತದೆ.