ಸದ್ದಿಲ್ಲದ ಸಾಲು

ಮಗಳು ಕನ್ನಡಿಯ ಮುಂದೆ ನಿಂತು ಬಾಯಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು. ದನಿ ಮಾತ್ರ ಬರುತ್ತಿರಲಿಲ್ಲ. ತಾಯಿ ಮೊದಲು ಅದನ್ನು ಗಮನಿಸಲಿಲ್ಲ. ಹೊಲಿಗೆ ಯಂತ್ರದ ಸೂಜಿಯಡಿ ಬಿಳಿ ಅಂಗಿಯ ಕಾಲರಿತ್ತು. ಕಾಲರಿನ ಮೂಲೆ ತಿರುಗಿಸುವಾಗ ಅವಳು ಯಾರ ಕಡೆಗೂ ನೋಡುವವಳಲ್ಲ. ಮೂಲೆ ತಿರುಗಿತು. ದಾರ ಕಡಿದು ಕತ್ತೆತ್ತಿದಳು. ಮಗಳ ತುಟಿ ಗುಂಡಗಾಯಿತು, ಅಗಲವಾಯಿತು, ಹುಬ್ಬು ಮೇಲೇರಿತು.

“ಏನೇ ಗುಂಡಿ, ಹಲ್ಲು ನೋವಾ?”

“ಅಲ್ಲಮ್ಮ. ಪ್ರಾಕ್ಟೀಸು. ಶನಿವಾರ ಹಾಡಿನ ಸ್ಪರ್ಧೆ ಇದೆಯಲ್ಲ.”

“ಮತ್ತೆ ಹಾಡೆಲ್ಲಿ?”

“ನಮಗೆ ಸದ್ದು ಇಲ್ಲ,” ಎಂದಳು ಮಗಳು, ನಾಳೆ ಆಟದ ಪೀರಿಯಡ್ ಇಲ್ಲ ಎನ್ನುವಷ್ಟೇ ಸಲೀಸಾಗಿ. “ಹಿಂದಿನ ಸಾಲಿನೋರು ಬರೀ ಬಾಯಿ ಆಡಿಸ್ಬೇಕು ಅಂತ ಮಿಸ್ ಹೇಳಿದಾರೆ. ಆದ್ರೆ ಸರಿಯಾಗಿ ಆಡಿಸ್ಬೇಕು. ಇಲ್ಲಾಂದ್ರೆ ಜಡ್ಜಿಗೆ ಗೊತ್ತಾಗ್ಬಿಡತ್ತೆ.”

ಎರಡು ವರ್ಷದವಳಿದ್ದಾಗ ಅಂಗಿಯ ಗುಂಡಿಯೊಂದನ್ನು ನುಂಗಿ ಮನೆಯವರ ಜೀವ ಬಾಯಿಗೆ ತಂದಿದ್ದಳು, ಅಂದಿನಿಂದ ಅವಳಿಗೆ ಆ ಹೆಸರು. ದನಿ ಹುಟ್ಟಿನಿಂದಲೇ ಗೊಗ್ಗರು. ಅವಳು ಫೋನೆತ್ತಿದರೆ ಆ ಕಡೆಯವರು “ಯಜಮಾನ್ರೇ, ಟೈಲರಮ್ಮ ಇದಾರಾ?” ಎಂದು ಕೇಳುತ್ತಿದ್ದರು. ಹತ್ತು ವರ್ಷದ ಹುಡುಗಿ ಗಂಭೀರವಾಗಿ “ಇದಾರೆ, ಕೊಡ್ತೀನಿ” ಎನ್ನುತ್ತಿದ್ದಳು. ಮನೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ದನಿಯಲ್ಲೇ ಅವಳು ಪಾತ್ರೆ ತೊಳೆಯುತ್ತಾ, ಮೆಟ್ಟಿಲಿಳಿಯುತ್ತಾ, ಬಚ್ಚಲಲ್ಲಿ ನೀರು ಸುರಿದುಕೊಳ್ಳುತ್ತಾ ಹಾಡುವುದಿತ್ತು. ಹದಿನೈದು ದಿನದಿಂದ ಮನೆ ಯಾಕೋ ಬಿಕೋ ಅನ್ನುತ್ತಿದೆ ಎಂದು ತಾಯಿಗೆ ಅನ್ನಿಸಿತ್ತು. ಪರೀಕ್ಷೆಯ ಭಯವಿರಬೇಕು ಅಂದುಕೊಂಡು ಸುಮ್ಮನಾಗಿದ್ದಳು.

“ಎಷ್ಟು ಜನ ಇದೀರಿ, ಸದ್ದಿಲ್ಲದೋರು?”

“ಹದಿನಾಲ್ಕು.”

ಶಾಲೆಯಿಂದ ಮೂವತ್ತಾರು ಅಂಗಿಗಳ ಅಳತೆ ಬಂದಿತ್ತು. ಬಿಳಿ ಬಟ್ಟೆ, ಕಾಲರಿಗೆ ನೀಲಿ ಅಂಚು. ಇವುಗಳಲ್ಲಿ ಹದಿನಾಲ್ಕು ಬರೀ ಜಾಗ ತುಂಬಿಸುವುದಕ್ಕೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಅವಳು ಕೈಯಲ್ಲಿದ್ದ ಅಂಗಿಯನ್ನು ಮಡಿಸದೆ ಮೇಜಿನ ಮೇಲೆ ಎಸೆದಳು.

“ನಾಳೆ ಸ್ಕೂಲಿಗೆ ಹೋಗ್ತೀನಿ,” ಎಂದಳು ಊಟದ ಹೊತ್ತಿಗೆ.

ಗಂಡ ನಕ್ಕ. “ಹೋಗಿ ಏನಂತೀಯ? ನಮ್ಮ ಮಗಳು ಕೋಗಿಲೆ ಅಂತಲಾ? ಬಿಡೇ, ಹಾಡಿ ಏನಾಗ್ಬೇಕಾಗಿದೆ ಈಗ.”

ಅವಳು ಪಾತ್ರೆಯ ಮುಚ್ಚಳವನ್ನು ಎಷ್ಟು ಜೋರಾಗಿ ಕುಕ್ಕಿದಳೆಂದರೆ ಅವನು ತನ್ನ ತಟ್ಟೆ ಎತ್ತಿಕೊಂಡು ಹೊರಗಿನ ಕೋಣೆಗೆ ಹೋದ.

ಸಂಗೀತದ ಕೋಣೆ ಶಾಲೆಯ ಮೂರನೇ ಮಹಡಿಯಲ್ಲಿತ್ತು. ಮುರಿದ ಬೆಂಚುಗಳನ್ನು ಗೋಡೆಗೆ ಒತ್ತರಿಸಿ ಮಾಡಿದ ಜಾಗ. ಕಪಾಟಿನಲ್ಲಿ ಸ್ಪರ್ಧೆಗಳಲ್ಲಿ ಗೆದ್ದ ಹಳೆಯ ಕಪ್ಪುಗಳು, ನಾಲ್ಕೈದು ವರ್ಷದ ಗುಂಪು ಫೋಟೋಗಳು. ಮಕ್ಕಳು ಮೂರು ಸಾಲಾಗಿ ನಿಂತಿದ್ದರು. ಕೀಬೋರ್ಡಿನ ಮುಂದೆ ಕೂತಿದ್ದ ಟೀಚರು ಕನ್ನಡಕವನ್ನು ಹಣೆಗೇರಿಸಿ ಬಾಗಿಲ ಕಡೆ ನೋಡಿದರು. ಬಂದವಳ ದೂರನ್ನು ಕೇಳುವಷ್ಟು ಹೊತ್ತೂ ಅವರ ಬೆರಳು ಕೀಲಿಗಳ ಮೇಲೆಯೇ ಇತ್ತು.

“ನೋಡಿಮ್ಮ, ನಾನು ಯಾರನ್ನೂ ಕೈಬಿಟ್ಟಿಲ್ಲ. ಎಲ್ಲಾ ಮಕ್ಕಳೂ ಸ್ಟೇಜ್ ಮೇಲಿರ್ತಾರೆ, ಎಲ್ಲರಿಗೂ ಸರ್ಟಿಫಿಕೇಟ್ ಬರತ್ತೆ. ಬೇರೆ ಸ್ಕೂಲಾಗಿದ್ರೆ ಈ ಹದಿನಾಲ್ಕು ಜನಾನ ಹತ್ರಾನೂ ಸೇರಿಸ್ತಿರ್ಲಿಲ್ಲ.”

“ಊಟಕ್ಕೆ ಕೂರಿಸಿ, ಖಾಲಿ ತಟ್ಟೆ ಇಟ್ಟು, ಅಗಿಯೋ ಹಾಗೆ ನಟಿಸು ಅಂದ್ರೆ ಅದು ಸೇರಿಸ್ಕೊಂಡ ಹಾಗಾ ಮೇಡಂ?”

ಟೀಚರ ಮುಖ ಕೆಂಪಾಯಿತು. “ನಿಮ್ಮ ಮಗಳಿಗೆ ಶ್ರುತಿ ನಿಲ್ಲಲ್ಲ. ನಾನು ಹೇಳಿದ್ರೆ ನಂಬಲ್ಲ ನೀವು. ನೀವೇ ಕೇಳಿ.” ಹಿಂದಿನ ಸಾಲಿನತ್ತ ಬೆರಳು ಮಾಡಿದರು. “ಬಾ ಇಲ್ಲಿ. ಮೊದಲನೇ ಚರಣ. ಒಬ್ಬಳೇ.”

ತಾಯಿ ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಹಾಡಲಿ, ಇವರ ಕಪಾಟು ನಡುಗುವ ಹಾಗೆ ಹಾಡಲಿ ಎಂದು ಒಳಗೊಳಗೇ ಹಲ್ಲು ಕಚ್ಚಿ ನಿಂತಳು.

ಗುಂಡಿ ಮುಂದೆ ಬಂದು ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು ನೆಟ್ಟಗೆ ನಿಂತಳು. ಟೀಚರು ಸ್ವರ ಕೊಟ್ಟರು. ಹುಡುಗಿಯ ಬಾಯಿ ತೆರೆಯಿತು. ಮೊದಲ ಸಾಲು ಮುಗಿಯಿತು, ಎರಡನೆಯದು ಶುರುವಾಯಿತು. ಕೀಬೋರ್ಡು ಒಂದೇ ನುಡಿಯುತ್ತಿತ್ತು.

“ಜೋರಾಗಿ,” ಎಂದರು ಟೀಚರು.

ಬಾಯಿ ಇನ್ನೂ ಅಗಲವಾಯಿತು. ಹುಬ್ಬು ಏರಿತು. ಕೊರಳಿನ ನರ ಕೂಡ ಉಬ್ಬಿತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕು, ಪಕ್ಕದವರ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಟೀಚರ ಬೆರಳು ನಿಂತುಹೋಯಿತು. ವಾದ್ಯ ನಿಂತ ಮೇಲೂ ಹುಡುಗಿ ಕೊನೆಯ ಎರಡು ಸಾಲು ಪೂರೈಸಿ, ತುಟಿ ಮುಚ್ಚಿ, ಕಾಯ್ದಳು.

“ಸರಿಯಾಗಿತ್ತಾ ಮಿಸ್?”

ಕೆಳಗಿನ ಮೈದಾನದಲ್ಲಿ ಯಾರೋ ಚೆಂಡನ್ನು ಗೋಡೆಗೆ ಒದೆಯುತ್ತಿದ್ದರು.

“ಮೇಡಂ,” ಎಂದಳು ತಾಯಿ. ದನಿ ತಾನಾಗಿಯೇ ತಗ್ಗಿತ್ತು. ಅದು ಕೂಗಾಟಕ್ಕಿಂತ ಕೆಟ್ಟದಾಗಿ ಕೇಳಿಸಿತು. “ನಾನು ನಿಮಗೆ ಮೂವತ್ತಾರು ಅಂಗಿ ಹೊಲೀತಿದೀನಿ. ಒಬ್ಬನಿಗೆ ಹೆಗಲು ಅಗಲ, ಒಬ್ಬಳಿಗೆ ಒಂದು ಕೈ ಗಿಡ್ಡ. ಒಂದೇ ಅಳತೆಗೆ ಕತ್ತರಿಸಿ, ಹಿಡಿಸದೋರಿಗೆ ನಿನ್ನ ಮೈ ಸರಿ ಇಲ್ಲ ಅಂತ ಇಷ್ಟು ವರ್ಷದಲ್ಲಿ ಒಂದು ದಿನಾನೂ ಅಂದಿಲ್ಲ. ನೀವು ಈ ಹಾಡನ್ನ ಯಾರ ಅಳತೆಗೆ ಕತ್ತರಿಸಿದ್ರಿ?”

ಟೀಚರು ಹಣೆಯ ಮೇಲಿನ ಕನ್ನಡಕವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. ತಾಯಿ ಬಾಗಿಲತ್ತ ತಿರುಗಿದಳು.

ಅವಳು ದಡದಡ ಮೆಟ್ಟಿಲಿಳಿದಳು. ಟೀಚರ ಮೇಲಿನ ಸಿಟ್ಟು ಎರಡನೇ ಮಹಡಿಯ ತನಕ ಬಂತು. ಅಲ್ಲಿಂದ ಕೆಳಗೆ ಅದು ತನ್ನ ಕಡೆಗೇ ತಿರುಗಿತು. ಅಷ್ಟು ಮಕ್ಕಳ ಎದುರು ಅವಳನ್ನು ನಿಲ್ಲಿಸುವಾಗ ತಡೆಯದೆ ಇದ್ದವಳು ತಾನು. ಫೋನ್ ಬಂದಾಗಲೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕವರಲ್ಲಿ ಮೊದಲಿನವಳೂ ತಾನೇ.

ಮರುದಿನ ಮಗಳು ಸುದ್ದಿ ತಂದಳು. ಟೀಚರು ಒಬ್ಬೊಬ್ಬರನ್ನೇ ಕಿಟಕಿಯ ಹತ್ತಿರ ಕರೆದು, ಕಿವಿ ಬಾಯಿಯ ಹತ್ತಿರ ತಂದು, ಎಲ್ಲಿ ಆರಾಮಾಗಿ ಬರುತ್ತದೋ ಅಲ್ಲಿಂದ ಹಾಡು ಎಂದರಂತೆ. ಹಾಡಿನ ಶ್ರುತಿಯನ್ನು ಎರಡು ಮೆಟ್ಟಿಲು ಕೆಳಗಿಳಿಸಿದರಂತೆ. ಎಷ್ಟು ಮಾಡಿದರೂ ಸ್ವರಕ್ಕೆ ಕೂರದ ಮೂವರಿಗೆ ಬೆಂಚು ಬಡಿಯುವ ಕೆಲಸ. ಪಲ್ಲವಿ ಬಂದಾಗ ಅವರು ಕೈ ನಿಲ್ಲಿಸಿ ಎಲ್ಲರ ಜೊತೆ ಕೂಗಬೇಕು. ಮುಂದಿನ ಸಾಲಿನ ಹುಡುಗಿಯೊಬ್ಬಳು ಇದು ನನಗೆ ತೀರಾ ಕೆಳಗಾಯಿತು ಎಂದು ಅತ್ತಳಂತೆ. ಅವಳ ಪಾಲಿಗೆ ಮೇಲಿನ ಸ್ವರದಲ್ಲಿ ಹಾಡುವ ಒಂದು ಎಳೆಯನ್ನು ಬೇರೆಯಾಗಿ ಕೊಟ್ಟರಂತೆ.

“ನೀನು?”

“ಮಿಸ್ ಮೂರು ಸಲ ಕಿವಿ ಇಟ್ರು.” ಗುಂಡಿ ಚೀಲದಿಂದ ಪುಸ್ತಕ ತೆಗೆಯುತ್ತಿದ್ದಳು. “ಬರ್ಲಿಲ್ಲ.”

ಗುರುವಾರ ಸಂಜೆ ಅಂಗಿಗಳನ್ನು ಒಯ್ಯಲು ಟೀಚರೇ ಬಂದರು. ಗಂಟು ಕಟ್ಟುವವರೆಗೂ ನಿಂತೇ ಇದ್ದರು.

“ಹೆಡ್ ಮಾಸ್ಟರು ಹದಿನಾಲ್ಕು ಜನಾನೂ ತೆಗೆದುಹಾಕಿ ಅಂದ್ರು. ಗೆಲ್ಲಬೇಕಲ್ಲ.”

“ನೀವೇನಂದ್ರಿ?”

“ಮೂವತ್ತಾರು ಅಂಗಿ ಹೊಲಿದಾಗಿದೆ ಅಂದೆ.” ಗಂಟಿನ ಮೇಲೆ ಕೈಯಿಟ್ಟು, “ಹತ್ತೊಂಬತ್ತು ವರ್ಷದಿಂದ ಹೀಗೇ ಮಾಡ್ಕೊಂಡು ಬಂದಿದೀನಿ. ಎಷ್ಟು ಮಕ್ಕಳಿಗೆ ಹಾಗಂದಿರಬಹುದು ಅಂತ ನೆನಪು ಮಾಡ್ಕೊಳ್ಳೋಕೆ ಕೂತೆ. ಮುಖ ಕೂಡ ನೆನಪಾಗ್ಲಿಲ್ಲ,” ಎಂದರು.

ಹೋಗಲಿ ಬಿಡಿ ಎನ್ನುವ ಮಾತು ತಾಯಿಯ ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ಅಲ್ಲೇ ತಡೆದು, ಗಂಟನ್ನು ಇನ್ನೊಂದು ಸುತ್ತು ಬಿಗಿದು ಕೊಟ್ಟಳು.

ಶನಿವಾರದ ಸಭಾಂಗಣದಲ್ಲಿ ಅವಳಿಗೆ ಕಂಬದ ಪಕ್ಕ ಕುರ್ಚಿ ಸಿಕ್ಕಿತು. ಇವರ ಸರದಿ ಒಂಬತ್ತನೆಯದು. ಹಾಡು ತಗ್ಗಿನಿಂದ ಎದ್ದಿತು. ಅದರಲ್ಲಿ ಒರಟುತನವಿತ್ತು, ತುಂಬುತನವಿತ್ತು, ನಡುವೆ ಒಂದು ಕಡೆ ಬೆಂಚಿನ ಲಯ ಓಡಿಹೋಗಿ ಮತ್ತೆ ಬಂದು ಸೇರಿಕೊಂಡಿತು. ತಾಯಿ ಕಣ್ಣು ಮುಚ್ಚಿ ಮೂವತ್ತಾರರಲ್ಲಿ ಒಂದು ದನಿಗಾಗಿ ತಡಕಾಡಿದಳು. ಸಿಗಲಿಲ್ಲ. ಕಣ್ಣು ತೆರೆದರೆ ಮಗಳ ಬಾಯಿ ಆಡುತ್ತಿತ್ತು. ಅಷ್ಟು ದೂರದಿಂದ ಬಾಯಿ ಆಡುವುದಷ್ಟೇ ಕಾಣುವುದು.

ಬಹುಮಾನ ಬರಲಿಲ್ಲ. ದನಿಗಳಲ್ಲಿ ಶಿಸ್ತು ಸಾಲದು ಎಂದರು ತೀರ್ಪುಗಾರರು. ಮಕ್ಕಳು ಕಳಚಿಕೊಟ್ಟ ಅಂಗಿಗಳನ್ನು ಒಗೆದು ಶಾಲೆಗೆ ಮರಳಿಸಲೆಂದು ಗಂಟು ಕಟ್ಟಿಕೊಂಡು ಅವಳು ಮಗಳೊಡನೆ ಹೊರಟಾಗ, ಹೆಡ್ ಮಾಸ್ಟರು ಪಡಸಾಲೆಯಲ್ಲಿ ಅಡ್ಡ ಬಂದರು.

“ಐದು ವರ್ಷದಿಂದ ಕಪ್ಪು ನಮ್ಮದೇ ಆಗಿತ್ತು. ನಿಮ್ಮ ಗಲಾಟೆಯಿಂದ ಏನಾಯ್ತು ನೋಡಿದ್ರಾ?”

“ನೋಡ್ದೆ ಸಾರ್. ಮುಂದಿನ ವರ್ಷ ಹಿಂದಿನ ಸಾಲಿಗೆ ಬೊಂಬೆ ನಿಲ್ಸಿ. ಅವಕ್ಕೂ ಅಂಗಿ ನಾನೇ ಹೊಲ್ಕೊಡ್ತೀನಿ.”

ಅವರು ಬಾಯಿ ತೆರೆಯುವಷ್ಟರಲ್ಲಿ ಅವಳು ಗೇಟು ದಾಟಿದ್ದಳು. ದಾರಿಯುದ್ದಕ್ಕೂ ಸಿಟ್ಟಿನಲ್ಲಿ ದಾಪುಗಾಲು ಹಾಕಿದಳು. ಮಗಳು ಹಿಂದೆ ಹಿಂದೆ ಓಡಿಕೊಂಡೇ ಬರಬೇಕಾಯಿತು. ಹಾಡಿದೆಯಾ ಎಂದು ಕೇಳಬೇಕು. ಕೇಳಬಾರದು. ಹೀಗೆ ಎರಡು ಬೀದಿ ಕಳೆದವು. ಮೂಲೆ ತಿರುಗಿದಾಗ ಅವರ ಬಸ್ಸು ನಿಲ್ದಾಣ ಬಿಟ್ಟು ಹೊರಟಿತ್ತು. ಅದು ತಪ್ಪಿದರೆ ಇನ್ನು ಮುಕ್ಕಾಲು ಗಂಟೆ ಕಾಯಬೇಕು. ಗಂಟು ಹೊತ್ತ ತಾಯಿಗೆ ಓಡಲಾಗಲಿಲ್ಲ.

“ಹೋಯ್, ನಿಲ್ಸೀ...”

ಆ ಗೊಗ್ಗರು ದನಿ ಬೀದಿಯ ಈ ತುದಿಯಿಂದ ಆ ತುದಿಗೆ ಹೋಯಿತು. ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದವರು ಎದ್ದು ನಿಂತರು. ಬಸ್ಸು ಇಪ್ಪತ್ತು ಹೆಜ್ಜೆ ಆಚೆ ಕಿರ್ರೆಂದು ನಿಂತಿತು.

ತಾಯಿ ಏದುಸಿರು ಬಿಡುತ್ತಾ ಹತ್ತಿದಾಗ ಕಂಡಕ್ಟರು ಅವಳ ಹಿಂದೆ, ಮುಂದೆ ಹಣಕಿ ನೋಡುತ್ತಿದ್ದ. “ಯಾರಮ್ಮ ಕೂಗಿದ್ದು? ಡ್ರೈವರಣ್ಣನ ಎದೆ ಧಸಕ್ಕಂತು.”

ಅವಳು ಗಂಟನ್ನು ಕೆಳಗಿಳಿಸಿದಳು. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ಅವಳಿಗಿಂತ ಮೊದಲೇ ಹತ್ತಿದ್ದ ಗುಂಡಿ ಕಿಟಕಿಯ ಪಕ್ಕ ಕೂತು, ಬಗ್ಗಿ, ಓಡುವಾಗ ಬಿಚ್ಚಿಹೋಗಿದ್ದ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಳು.