ಹೊಸ ಚಿಲಕ

ಚಾಪೆ ಹೆಣೆಯುವವಳ ಮನೆಗೆ ಬಾಗಿಲೆಂದರೆ ಒಂದು ಗೋಣಿತಾಟು. ಸರ್ಕಾರದ ಸಹಾಯಧನ ನೇರ ಅವಳ ಖಾತೆಗೇ ಬಿತ್ತು ನೋಡಿ, ಗಂಡ ಮೊದಲು ಮಾಡಿಸಿದ್ದೇ ಹಲಗೆ ಬಾಗಿಲು, ಅದಕ್ಕೊಂದು ಕಬ್ಬಿಣದ ಚಿಲಕ.

ಅವತ್ತು ಸಂಜೆ ಅವನಿನ್ನೂ ಬಂದಿರಲಿಲ್ಲ. ಯಾರೋ ಬಾಗಿಲು ತಟ್ಟಿದರು. ಇಷ್ಟು ವರ್ಷ ಯಾರೂ ತಟ್ಟಿದವರಲ್ಲ. ಗೋಣಿತಾಟನ್ನು ಯಾವ ಪುಣ್ಯಾತ್ಮ ತಟ್ಟುತ್ತಾನೆ? ದುಡ್ಡಿನ ವಾಸನೆ ಹಿಡಿದು ಬಂದ ಕಳ್ಳರೋ, ಕೊಟ್ಟಿದ್ದನ್ನು ವಾಪಸ್ ಕೇಳಲು ಬಂದ ಅಧಿಕಾರಿಗಳೋ? ಮಗಳನ್ನು ಬೆನ್ನ ಹಿಂದೆ ತಳ್ಳಿ, ಮಚ್ಚು ಹಿಡಿದು, "ಯಾರದು?" ಎಂದಳು.

"ನಾನು ಕಣೇ, ಪಕ್ಕದ ಮನೆ ಅಕ್ಕ. ಒಲೆಗೆ ಒಂಚೂರು ಕೆಂಡ ಬೇಕಿತ್ತು."

ಮಚ್ಚು ಬಿಸಾಕಿ ಚಿಲಕ ತೆಗೆದಳು. "ಅಯ್ಯೋ, ಒಳಗೆ ಬಾರಕ್ಕ!"

ದಿನಾ ತಾಟು ಸರಿಸಿ ಸೀದಾ ಒಲೆಯ ಮುಂದೆ ಕೂರುತ್ತಿದ್ದ ಅಕ್ಕ ಹೊಸ್ತಿಲಾಚೆಯೇ ನಿಂತಳು. "ಬೇಡ ಬಿಡವ್ವ, ಇಲ್ಲೇ ಕೊಡು."

ಅಕ್ಕ ಹೋದ ಮೇಲೆ ಆ ಚಿಲಕ ಮುಟ್ಟುವುದಕ್ಕೇ ಇವಳಿಗೆ ಭಯವಾಯಿತು.